ಓದಲಾಗದ ಪಾಲಿಸಿಗೆ ಹಾಕಿದ ಸಹಿ

ವಿಮಾ ಕಂಪನಿ ಕ್ಲೇಮು ತಿರಸ್ಕರಿಸಿದರೆ ಬರುವ ಪತ್ರದ ತಿರುಳು ಸಾಮಾನ್ಯವಾಗಿ ಒಂದೇ: ಪಾಲಿಸಿಯ ಇಂಥ ಷರತ್ತಿನ ಪ್ರಕಾರ ಈ ನಷ್ಟಕ್ಕೆ ಪರಿಹಾರವಿಲ್ಲ. ಆ ಷರತ್ತು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಏಜೆಂಟರು ಹೇಳಿದ್ದು ಮಲಯಾಳದಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ. "ಸಹಿ ಹಾಕಿ ಆಗಿದೆಯಲ್ಲ, ಇನ್ನೇನು ಮಾಡುವುದು" ಎಂದು ಸುಮ್ಮನಾಗುವವರು ನಮ್ಮ ಗಡಿ ಊರುಗಳಲ್ಲಿ ಬಹಳ. ಸುಮ್ಮನಾಗಬೇಕಿಲ್ಲ. ಹಾಗೆಂದು ಸಹಿಗೆ ಬೆಲೆಯೇ ಇಲ್ಲ ಎಂದೂ ತಿಳಿಯಬಾರದು.

2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಟೆಕ್ಸ್‌ಕೊ ಮಾರ್ಕೆಟಿಂಗ್ ಮತ್ತು ಟಾಟಾ ಎಐಜಿ ನಡುವಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಂಗಡಿ ಇದ್ದದ್ದೇ ಕಟ್ಟಡದ ನೆಲಮಾಳಿಗೆಯಲ್ಲಿ. ಕಂಪನಿಯವರು ಅದನ್ನು ಕಣ್ಣಾರೆ ನೋಡಿ ಬೆಂಕಿ ವಿಮೆ ಕೊಟ್ಟಿದ್ದರು, ಪ್ರೀಮಿಯಂ ಪಡೆದಿದ್ದರು. ಬೆಂಕಿ ಬಿದ್ದ ಮೇಲೆ ನೆಲಮಾಳಿಗೆಗೆ ವಿಮೆ ಅನ್ವಯಿಸದೆಂಬ ಷರತ್ತನ್ನು ಮುಂದಿಟ್ಟರು. ಕರಾರಿನ ಬುಡವನ್ನೇ ಕೀಳುವ ಇಂಥ ಷರತ್ತು ನಿಲ್ಲದು, ಹೊರತುಪಡಿಸುವ ಷರತ್ತುಗಳನ್ನು ಗ್ರಾಹಕರಿಗೆ ತಿಳಿಸುವ ಹೊಣೆ ಕಂಪನಿಯದೇ ಎಂದಿತು ನ್ಯಾಯಾಲಯ. ಇದು ಹೊಸ ಮಾತೇನಲ್ಲ. ತಿಳಿಸದ ಷರತ್ತನ್ನು ಕಂಪನಿ ಬಳಸಿಕೊಳ್ಳುವಂತಿಲ್ಲ ಎಂದು 2000ದ ಮಾಡರ್ನ್ ಇನ್ಸುಲೇಟರ್ಸ್ ತೀರ್ಪಿನಲ್ಲೇ ಇತ್ತು.

ಇನ್ನೊಂದು ಮಗ್ಗುಲು 2019ರ ರೇಖಾಬೆನ್ ರಾಥೋಡ್ ಪ್ರಕರಣ. ತೀರಿಕೊಂಡ ವ್ಯಕ್ತಿ ತನಗೆ ಬೇರೆ ಕಂಪನಿಯ ಜೀವವಿಮೆ ಇದ್ದದ್ದನ್ನು ಅರ್ಜಿಯಲ್ಲಿ ಹೇಳಿರಲಿಲ್ಲ. ಓದದೆ, ಅರ್ಥವಾಗದೆ ಸಹಿ ಹಾಕಿದೆ ಎಂದು ಸಾಮಾನ್ಯವಾಗಿ ನುಣುಚಿಕೊಳ್ಳಲಾಗದು ಎಂದ ಕೋರ್ಟು ಕಂಪನಿಯ ಪರ ನಿಂತಿತು. ಎಂದರೆ, ಅವರ ಷರತ್ತನ್ನು ತಿಳಿಸುವುದು ಅವರ ಹೊಣೆ. ನಮ್ಮ ಸಕ್ಕರೆ ಕಾಯಿಲೆ, ಹಳೆಯ ಆಪರೇಷನ್, ಬೇರೆ ಪಾಲಿಸಿಗಳನ್ನು ಬರೆಯುವುದು ನಮ್ಮ ಹೊಣೆ. ಏಜೆಂಟರು "ಅದೆಲ್ಲ ಬೇಡ ಬಿಡಿ" ಎಂದರೂ ಬರೆಸಲೇಬೇಕು.

ದಾವೆ ಎಲ್ಲಿ ಹೂಡುವುದು? ಮಂಗಳೂರಿನಲ್ಲಿ ಪಾಲಿಸಿ ಕೊಂಡ ಮಂಜೇಶ್ವರದವರು, ವಿಜಯಪುರದಲ್ಲಿ ಕೊಂಡ ಜತ್ತದವರು ಇದಕ್ಕಾಗಿ ಗಡಿ ದಾಟಿ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಲೆಕ್ಕಕ್ಕೆ ಬರುವುದು ಕಟ್ಟಿದ ಪ್ರೀಮಿಯಂ, ಕೇಳುವ ಪರಿಹಾರವಲ್ಲ. ಅದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಅದಕ್ಕೂ ಮೊದಲು ವಕೀಲರಿಲ್ಲದೆ, ಖರ್ಚಿಲ್ಲದೆ ವಿಮಾ ಲೋಕಪಾಲರಿಗೆ ಬರೆಯಬಹುದು: ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ. ಕಾಸರಗೋಡಿಗೆ ಕೊಚ್ಚಿ, ಸೊಲ್ಲಾಪುರಕ್ಕೆ ಪುಣೆ, ಹೊಸೂರಿಗೆ ಚೆನ್ನೈ, ಆದೋನಿಗೆ ಹೈದರಾಬಾದು.

ಭಾಷೆಯ ಪ್ರಶ್ನೆ ಮಾತ್ರ ಉಳಿದೇ ಇದೆ. ಆರೋಗ್ಯ ವಿಮೆಯ ಮುಖ್ಯ ವಿವರಗಳ ಹಾಳೆಯನ್ನು ಗ್ರಾಹಕರು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕಾಸರಗೋಡಿನ ಸ್ಥಳೀಯ ಭಾಷೆ ಯಾವುದು, ತಾಳವಾಡಿಯದು ಯಾವುದು? ಅಲ್ಲಿ ರಾಜ್ಯ ಭಾಷೆಯ ಹಾಳೆ ಕೈಗಿತ್ತು ಮುಗಿಸುವ ಸಾಧ್ಯತೆಯೇ ಹೆಚ್ಚು. ಅದೇ ಕಂಪನಿಗಳು ಕರ್ನಾಟಕದಲ್ಲಿ ಕನ್ನಡ ಹಾಳೆ ಕೊಡಬೇಕಾದವೇ, ಆದ್ದರಿಂದ ನಮಗೂ ಅದನ್ನೇ ಕೇಳುವುದು ಅತಿಯಾಸೆಯಲ್ಲ. ಪಾಲಿಸಿ ನವೀಕರಿಸುವಾಗ ಕನ್ನಡ ಹಾಳೆ ಬೇಕೆಂದು ಬರಹದಲ್ಲಿ ಕೇಳಿ, ಪ್ರತಿಯನ್ನು ಇಟ್ಟುಕೊಳ್ಳಿ. ಕೊಡದಿದ್ದರೆ, ಷರತ್ತು ನಿಮಗೆ ತಿಳಿಸಿರಲಿಲ್ಲ ಎಂದು ಆಯೋಗದ ಮುಂದೆ ಹೇಳಲು ಆ ಪ್ರತಿ ನಿಮ್ಮ ಕೈಯಲ್ಲಿರುತ್ತದೆ.