ಕಮಾನಿನ ಕೆಳಗೊಂದು ಪಾಠ

ಮೊನ್ನೆ ನೆಹರು ಗಂಜ್‌ನ ಅಡತಿ ಅಂಗಡಿಯೊಂದರಲ್ಲಿ ಪರಿಚಿತ ಪಾಲಕರೊಬ್ಬರು ಸಿಕ್ಕರು. "ಸರ, ಈ ಸೂಟಿಗೆ ಹುಡುಗರನ್ನ ಮೈಸೂರಿಗೆ ಕರಕೊಂಡು ಹೋಗಬೇಕಂತ ಮಾಡೀನಿ. ಏನೇನು ತೋರಸಬೇಕ್ರಿ?" ಎಂದರು. "ನಮ್ಮ ಕೋಟಿ ತೋರಿಸೀರೇನ್ರಿ?" ಎಂದು ಕೇಳಿದೆ. ತೊಗರಿ ಚೀಲ ಎಣಿಸುತ್ತಿದ್ದವರು ನಕ್ಕುಬಿಟ್ಟರು. "ಅದು ಇಲ್ಲೇ ಅದ ಅಲ್ರಿ, ಯಾವಾಗರ ನೋಡಿದ್ರಾತು."

ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಎಷ್ಟೋ ವರ್ಷ ಕರಿಹಲಗೆಯ ಮೇಲೆ ಕಮಾನು ಬರೆದು, ಬಲಗಳಿಗೆ ಬಾಣದ ಗುರುತು ಹಾಕಿ ಪಾಠ ಮಾಡಿದವನು ನಾನು. ಒಮ್ಮೆಯೂ ಮಕ್ಕಳನ್ನು ಕೋಟೆಗೆ ಕರೆದೊಯ್ದಿರಲಿಲ್ಲ. ಕೊನೆಗೊಮ್ಮೆ ಹೋದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಲೆಯೆತ್ತಿ, "ಸರ, ನಡುವಿನ ಕಲ್ಲು ಯಾಕ ಬೀಳೂದಿಲ್ರಿ?" ಎಂದಳು. ತರಗತಿಯಲ್ಲಿ ಅದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ.

ಅವಳು ನಿಂತದ್ದು ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ಮೊದಲ ರಾಜಧಾನಿ. ಮಸೀದಿಯ ಶಾಸನದಲ್ಲಿ 1367ರ ಕಾಲವೂ, ಇರಾನಿನ ಕಜ್ವೀನ್ ಊರಿನ ರಫಿ ಎಂಬಾತನ ಹೆಸರೂ ಇವೆ. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಛಾವಣಿ. ಹಾಗಾದರೆ ಬೆಳಕು? ಪಕ್ಕದ ಅಗಲವಾದ, ತಗ್ಗಾದ ಕಮಾನುಗಳಿಂದ ಬರುತ್ತದೆ. ಸ್ಪೇನಿನ ಕೊರ್ಡೋವಾ ಮಸೀದಿಯನ್ನು ಇದು ಹೋಲುತ್ತದೆಂದು ಬರೆಯುವುದುಂಟು. ಹೋಲಲಿ ಬಿಡಲಿ, ನನಗೆ ಆ ತಗ್ಗು ಕಮಾನುಗಳೇ ಹೆಚ್ಚು.

ವಿದ್ಯಾರ್ಥಿ ಮಿತ್ರರೇ, ಆ ಹುಡುಗಿಯ ಪ್ರಶ್ನೆಗೆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ಇಬ್ಬರು ಎದುರುಬದುರಾಗಿ ನಿಂತು ಅಂಗೈಗೆ ಅಂಗೈ ಒತ್ತಿ, ಕಾಲುಗಳನ್ನು ತುಸು ತುಸುವೇ ಹಿಂದಕ್ಕೆ ಸರಿಸಿರಿ. ನೀವೇ ಕಮಾನಾದಿರಿ. ಕೈ ಜಾರುವುದಿಲ್ಲ, ಜಾರುವುದು ಕಾಲು! ಹಿಂದೆ ಇನ್ನಿಬ್ಬರು ತಮ್ಮ ಪಾದ ಅಡ್ಡ ಕೊಟ್ಟರೆ ಗಟ್ಟಿಯಾಗಿ ನಿಲ್ಲುತ್ತೀರಿ. ನಡುವಿನ ಕಲ್ಲು ಕೆಳಗಿಳಿಯಬೇಕೆಂದರೆ ಅಕ್ಕಪಕ್ಕದ ಕಲ್ಲುಗಳನ್ನು ಸರಿಸಬೇಕು. ಅವು ಸರಿಯದಂತೆ ತಡೆಯುವುದು ಬದಿಯ ದಪ್ಪ ಕಂಬಗಳು. ಕಮಾನು ಎಷ್ಟು ತಗ್ಗೋ ಬದಿಗೆ ತಳ್ಳುವ ಬಲ ಅಷ್ಟು ಹೆಚ್ಚು. ಈಗ ಆ ಕಂಬಗಳ ದಪ್ಪ ನೋಡಿರಿ.

ಇನ್ನೊಂದು ಕೆಲಸ. ಮಸೀದಿ ಸುಮಾರು 216 ಅಡಿ ಉದ್ದ, 176 ಅಡಿ ಅಗಲ ಎಂದು ಪುಸ್ತಕಗಳಲ್ಲಿದೆ. ನಿಮ್ಮ ಹೆಜ್ಜೆಯ ಅಳತೆಯನ್ನು ಮನೆಯಲ್ಲೇ ಗುರುತು ಮಾಡಿಕೊಂಡು ಬಂದು, ಹೊರಗೋಡೆಯ ಗುಂಟ ನಡೆದು ಲೆಕ್ಕ ಹಾಕಿರಿ. ಶೇಕಡಾ ಎಷ್ಟು ತಪ್ಪಿತು? ಪ್ರಾರ್ಥನೆಯ ಸ್ಥಳ, ಗದ್ದಲ ಬೇಡ.

ಕೋಟೆಯ ಗೋಡೆಯ ಕರಿಕಲ್ಲು ಜ್ವಾಲಾಮುಖಿಯ ಲಾವಾ ಆರಿ ಆದದ್ದು, ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಬೇರೆ, ಅದು ಸುಣ್ಣದಕಲ್ಲು. ಮನೆಯಲ್ಲಿ ಅದರ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಕರಿಕಲ್ಲಿನ ಪುಡಿಗೆ ಏಳುವುದಿಲ್ಲ. ಕೋಟೆಯ ಕಲ್ಲಿನ ಮೇಲೆ ಮಾತ್ರ ಪ್ರಯೋಗ ಮಾಡಬೇಡಿರಿ, ಹೆಸರು ಕೆತ್ತುವುದಂತೂ ಬೇಡವೇ ಬೇಡ.

ಸಮಯ ಉಳಿದರೆ ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಹಫ್ತ್ ಗುಂಬಜ್, ಜಿಲ್ಲಾ ವಿಜ್ಞಾನ ಕೇಂದ್ರ. ಎಲ್ಲವನ್ನೂ ಒಂದೇ ದಿನ ಓಡಿಸಿಕೊಂಡು ತೋರಿಸುವ ಪಾಲಕರೊಂದಿಗೆ ನನ್ನ ಜಗಳವಿದೆ.

ಬಿಸಿಲೇರುವ ಮೊದಲೇ ಹೊರಡಿರಿ. ನೀರು, ಅಳತೆ ಟೇಪು, ನೋಟ್‌ಬುಕ್ಕು, ಸಿಕ್ಕರೆ ಕಮಲಾಪುರದ ಕೆಂಪು ಬಾಳೆಹಣ್ಣು. ಎಷ್ಟು ಹೆಜ್ಜೆಯಾಯಿತೆಂದು ನನಗೂ ಬರೆದು ತಿಳಿಸಿರಿ.