ಕಮಲಾಳ ದೊಡ್ಡ ಕೈ ಮತ್ತು ಎಂಟು ಬೆಂಕಿಪೊಟ್ಟಣ

ಮಕ್ಕಳೇ, ಕಾಮಿಕ್ಸ್ ಪುಸ್ತಕವನ್ನು ಪಾಠಪುಸ್ತಕದೊಳಗೆ ಬಚ್ಚಿಟ್ಟು ಓದಿದವರು ನಿಮ್ಮಲ್ಲಿ ಎಷ್ಟು ಜನರಿದ್ದೀರಿ? ಕೈ ಎತ್ತಬೇಡಿ, ನಿಮ್ಮ ಮೇಷ್ಟ್ರು ನೋಡಿಯಾರು! ನಾನಂತೂ ಓದಿದ್ದೇನೆ. ಆರನೇ ತರಗತಿಯಲ್ಲಿ ಸಿಕ್ಕಿಬಿದ್ದೆ. ಪುಸ್ತಕ ಹರಿದು ಕಸದ ಬುಟ್ಟಿ ಸೇರಿತು. ಅದು ಗೆಳೆಯನಿಂದ ಕೇಳಿ ತಂದದ್ದು. ಅವನು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದ.

ಕಾಮಿಕ್ಸ್ ಓದಿದರೆ ತಲೆ ಕೆಡುತ್ತದೆ, ಅದರಲ್ಲಿರುವುದೆಲ್ಲ ವಿಜ್ಞಾನಕ್ಕೆ ವಿರುದ್ಧ ಎಂದು ಹೇಳುವ ಹಿರಿಯರಿದ್ದಾರೆ. ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಎರಡನೆಯದು ಬಹುಮಟ್ಟಿಗೆ ನಿಜ. ಆ ಕಾರಣಕ್ಕೇ ವಿಜ್ಞಾನದ ತರಗತಿಗೆ ಕಾಮಿಕ್ಸ್ ಬೇಕು ಎಂಬುದು ನನ್ನ ಅಭಿಪ್ರಾಯ. ಹೇಗೆ ಅಂತೀರಾ? ಒಂದು ಕಥೆ ಕೇಳಿ.

ಅಮೆರಿಕದ ಜೆರ್ಸಿ ಸಿಟಿಯಲ್ಲಿ ಕಮಲಾ ಖಾನ್ ಎಂಬ 16 ವರ್ಷದ ಹುಡುಗಿ. ತಂದೆತಾಯಿ ಪಾಕಿಸ್ತಾನದ ಕರಾಚಿಯಿಂದ ಹೋಗಿ ನೆಲೆಸಿದವರು. ಇವಳಿಗೆ ಸೂಪರ್‌ಹೀರೋಗಳ ಹುಚ್ಚು. ಅವರ ಬಗ್ಗೆ ತಾನೇ ಕಥೆ ಕಟ್ಟಿ ಬರೆಯುತ್ತಾಳೆ. ಒಂದು ರಾತ್ರಿ ಮನೆಯಲ್ಲಿ ಹೇಳದೆ ಹೊರಗೆ ಹೋದಾಗ ಊರಿಗೆ ವಿಚಿತ್ರ ಮಂಜು ಕವಿಯುತ್ತದೆ. ಎಚ್ಚರವಾದಾಗ ಕಮಲಾ ಬೇಕೆಂದಂತೆ ಹಿಗ್ಗಬಲ್ಲಳು, ಕುಗ್ಗಬಲ್ಲಳು! ನೀರಿಗೆ ಬಿದ್ದ ಸಹಪಾಠಿಯನ್ನು ಕೈ ದೊಡ್ಡದು ಮಾಡಿ ಮೇಲೆತ್ತುತ್ತಾಳೆ. ಜಿ. ವಿಲೋ ವಿಲ್ಸನ್ ಬರೆದ ಈ ‘ಮಿಸ್ ಮಾರ್ವೆಲ್’ ಕಾಮಿಕ್ಸ್ 2014ರಲ್ಲಿ ಆರಂಭವಾಯಿತು. 2015ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು.

ಕಮಲಾ ಇಡೀ ದೇಹವನ್ನೇ ಹಿಗ್ಗಿಸಿದರೆ ನಿಜವಾಗಿ ಏನಾದೀತು? ಒಂದೇ ಅಳತೆಯ ಖಾಲಿ ಬೆಂಕಿಪೊಟ್ಟಣಗಳನ್ನು ತನ್ನಿ. ಒಂದು ಪೊಟ್ಟಣಕ್ಕಿಂತ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟು ಇರುವ ಪೊಟ್ಟಣವನ್ನು ಜೋಡಿಸಿ. ಎಷ್ಟು ಬೇಕಾದವು? ಎಂಟು. ಅಂದರೆ ಭಾರ 8 ಪಟ್ಟು. ಆದರೆ ನೆಲದ ಮೇಲೆ ಕುಳಿತಿರುವುದು ನಾಲ್ಕೇ! ಮೂಳೆಯ ಕಥೆಯೂ ಇದೇ. ಅದರ ಬಲ ಎಷ್ಟು ಎಂಬುದು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣವನ್ನು ಅವಲಂಬಿಸಿದೆ. ಕಮಲಾ 10 ಪಟ್ಟು ಬೆಳೆದರೆ ಮೂಳೆಯ ಬಲ 100 ಪಟ್ಟು, ಹೊರಬೇಕಾದ ಭಾರ 1000 ಪಟ್ಟು. ಗೆಲಿಲಿಯೋ ಇದನ್ನು 1638ರ ತನ್ನ ಪುಸ್ತಕದಲ್ಲೇ ಮೂಳೆಯ ಚಿತ್ರ ಬರೆದು ವಿವರಿಸಿದ್ದ. ಇಂಥ ದೈತ್ಯ ಒಂದು ಹೆಜ್ಜೆ ಇಟ್ಟರೆ ತೊಡೆಮೂಳೆ ಮುರಿದೀತು ಎಂದು 1926ರಲ್ಲಿ ಲೆಕ್ಕ ಹಾಕಿದವರು ಜೆ.ಬಿ.ಎಸ್. ಹಾಲ್ಡೇನ್. (ಈ ವಿಜ್ಞಾನಿ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು ಇಲ್ಲಿನ ಪ್ರಜೆಯೇ ಆದರು.) ಆನೆಯ ಕಾಲು ಜಿಂಕೆಯ ಕಾಲಿನಂತೆ ಸಪೂರ ಇಲ್ಲದಿರುವುದು ಏಕೆಂದು ಈಗ ತಿಳಿಯಿತೇ?

ಒಂದು ಶಾಲೆಯಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, 50 ಕೆ.ಜಿ. ಇದ್ದವಳು 50,000 ಕೆ.ಜಿ. ಆಗೋಕೆ ಅಷ್ಟೊಂದು ತೂಕ ಎಲ್ಲಿಂದ ಬರುತ್ತೆ? ತೂಕ ಅಷ್ಟೇ ಇದ್ದು ಮೈ ಮಾತ್ರ ದೊಡ್ಡದಾದರೆ?”

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ! ಎಲ್ಲರೂ ಸೇರಿ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಹಾಗಾಗಿ 50 ಕೆ.ಜಿ. ದೇಹ ಎಂದರೆ ಸುಮಾರು 50 ಲೀಟರ್. ಹತ್ತು ಪಟ್ಟು ಬೆಳೆದರೆ 50,000 ಲೀಟರ್. ಅಷ್ಟು ಗಾಳಿಯ ತೂಕವೇ ಸುಮಾರು 60 ಕೆ.ಜಿ. ಅಂದರೆ ಕಮಲಾ ಗಾಳಿಗಿಂತ ಹಗುರ! ಕಳ್ಳರನ್ನು ಹಿಡಿಯುವುದಿರಲಿ, ಅವಳ ಕಾಲಿಗೇ ಹಗ್ಗ ಕಟ್ಟಿ ಹಿಡಿದುಕೊಳ್ಳಬೇಕು. ತರಗತಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಸಾಂದ್ರತೆಯ ಪಾಠವನ್ನು ನಾನು ಬಹಳ ಸಲ ಮಾಡಿದ್ದೇನೆ, ಹೀಗೆ ಯಾರೂ ನಕ್ಕಿರಲಿಲ್ಲ.

ಶಿಕ್ಷಕ ಮಿತ್ರರೇ, ಕಿತ್ತುಕೊಂಡ ಕಾಮಿಕ್ಸ್ ನಿಮ್ಮ ಬೀರುವಿನಲ್ಲಿದ್ದರೆ ದಯವಿಟ್ಟು ಹಿಂದಿರುಗಿಸಿ. ಮಕ್ಕಳೇ, ನಿಮಗೂ ಒಂದು ಮಾತು. ಪರೀಕ್ಷೆ ಕಾಗದದ ಮೇಲಿರಲಿ. ಬೆನ್ನಿಗೆ ಟವೆಲ್ ಕಟ್ಟಿಕೊಂಡು ತಾರಸಿಯಿಂದ ಹಾರುವುದು ಬೇಡವೇ ಬೇಡ.

ಆ ಮಂಜಿನ ಪ್ರಸಂಗ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಒಂದೇ ರಾತ್ರಿಯಲ್ಲಿ ಶಕ್ತಿ ಬರುವುದೆಂದರೆ ಏನೋ ಮೋಸವೆನಿಸುತ್ತದೆ. ಹಿಡಿಸಿದ್ದು ಬೇರೆ. ಶಕ್ತಿ ಬಂದಾಗ ಕಮಲಾ ಮೊದಲು ತನ್ನ ಮೆಚ್ಚಿನ ನಾಯಕಿಯ ರೂಪ ತಾಳುತ್ತಾಳೆ, ಹೊಂಬಣ್ಣದ ಕೂದಲು, ಬಿಳಿ ಮೈ. ಅದು ಅವಳಿಗೆ ಒಗ್ಗುವುದೇ ಇಲ್ಲ. ಆಮೇಲೆ ತನ್ನದೇ ಮುಖದಲ್ಲಿ ಕೆಲಸಕ್ಕಿಳಿಯುತ್ತಾಳೆ. ವಿಜ್ಞಾನಿಯ ಚಿತ್ರ ಬರೆಯಿರಿ ಎಂದರೆ ನಿಮ್ಮಲ್ಲಿ ಹಲವರು ಈಗಲೂ ಕೂದಲು ಕೆದರಿದ ವಿದೇಶಿ ಅಜ್ಜನನ್ನೇ ಬರೆಯುತ್ತೀರಿ. ಪ್ರಶ್ನೆ ಕೇಳಿದ ಆ ಹುಡುಗಿಗೆ ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ ಇದ್ದವು.

ಹೊರಡುವಾಗ ಅವಳು ಇನ್ನೊಂದನ್ನು ಕೇಳಿದಳು. ಕಮಲಾ ಹತ್ತನೇ ಒಂದರಷ್ಟು ಎತ್ತರಕ್ಕೆ ಕುಗ್ಗಿ, ತೂಕ ಮಾತ್ರ 50 ಕೆ.ಜಿ.ಯೇ ಉಳಿದರೆ? ಆಗ ಅವಳ ಮೈ ಒಂದು ಸಣ್ಣ ಟೀ ಲೋಟದೊಳಗೆ ಹಿಡಿದೀತು. ಹಾಗೆ ಅವಳು ಗದ್ದೆಯ ಕೆಸರಿನ ಮೇಲೆ ನಿಂತರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ.