ಜೇಬಿನ ಹಾಡು, ಪೆಟ್ಟಿಗೆಯ ಹಾಡು

ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಕಿವಿಗಳಿಗೆ ಈಗ ಬಿಡುವೆಂಬುದೇ ಇಲ್ಲ. ಬಸ್ಸಿನಲ್ಲಿ, ಹಾಸ್ಟೆಲ್ಲಿನ ಜಗಲಿಯಲ್ಲಿ, ಕೆಲವೊಮ್ಮೆ (ಅಧ್ಯಾಪಕರು ಕ್ಷಮಿಸಬೇಕು) ತರಗತಿಯ ಕೊನೆಯ ಬೆಂಚಿನಲ್ಲಿಯೂ ಜೇಬಿನ ಫೋನು ಹಾಡುತ್ತಲೇ ಇರುತ್ತದೆ. ಆದರೆ ಆ ಹಾಡು ಯಾವ ರೂಪದಲ್ಲಿ ಜೇಬಿನೊಳಗೆ ಕುಳಿತಿದೆ ಎಂದು ಕೇಳಿದರೆ ಬಹುಮಂದಿ ಉತ್ತರ ಹೇಳಲಾರರು. "ಅದು ವಿಜ್ಞಾನದವರ ವಿಷಯ, ನಾವು ಕಲಾ ವಿಭಾಗದವರು" ಎಂದುಬಿಡುತ್ತಾರೆ. ನಾನೂ ಹಾಗೆಯೇ ಅನ್ನುತ್ತಿದ್ದವನು. ಆ ಅಜ್ಞಾನಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದಿಟ್ಟಿರುತ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು ೧,೪೧೧ ಕಿಲೋಬಿಟ್ಟು. ಈ ಪ್ರಮಾಣಕ್ಕೇ ಬಿಟ್‌ರೇಟ್ ಎಂದು ಹೆಸರು. ಹೀಗೆ ಬರೆದರೆ ಐದು ನಿಮಿಷದ ಹಾಡಿಗೆ ೫೦ ಎಂ.ಬಿ.ಗೂ ಮಿಕ್ಕಿ ಜಾಗ ಬೇಕು. ಅಷ್ಟು ಭಾರವನ್ನು ಯಂತ್ರಗಳು ಹೊರಲಾರದಿದ್ದ ಕಾಲದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಕಿವಿಯ ದೌರ್ಬಲ್ಯವನ್ನೇ ಆಶ್ರಯಿಸಿದರು. ಜಾತ್ರೆಯಲ್ಲಿ ಡೊಳ್ಳು ಬಾರಿಸುವಾಗ ಪಕ್ಕದವನ ಪಿಸುಮಾತು ನಮಗೆ ಕೇಳಿಸುವುದಿಲ್ಲವಷ್ಟೆ. ಕೇಳಿಸದ ಪಿಸುಮಾತನ್ನು ಬರೆದಿಡುವುದೇತಕ್ಕೆ? ಅದನ್ನು ಬಿಟ್ಟುಬಿಡಿ ಎಂಬುದೇ ಅವರ ಉಪಾಯದ ತಿರುಳು. ೧೯೯೫ರಲ್ಲಿ ಎಂಪಿ-೩ ಎಂಬ ಹೆಸರು ಪಡೆದ ಈ ಕ್ರಮದಲ್ಲಿ ಅದೇ ಹಾಡು ೧೨೮ ಕಿಲೋಬಿಟ್ಟಿಗೆ ಇಳಿದು ೫ ಎಂ.ಬಿ.ಯೊಳಗೆ ಅಡಗಿತು. ಅಂಕಿ ಇಳಿದಷ್ಟೂ ಬಿಟ್ಟುಬಿಡುವುದು ಹೆಚ್ಚುತ್ತದೆ.

ಈ ವಿಷಯದಲ್ಲಿ ನಮ್ಮ ಹಾಸ್ಟೆಲ್ಲಿನಲ್ಲಿ ಎರಡು ಪಕ್ಷಗಳುಂಟು. ಒಂದು ಪಕ್ಷದವರಿಗೆ ೩೨೦ಕ್ಕಿಂತ ಕಡಮೆಯದು ಸಂಗೀತವೇ ಅಲ್ಲ. ಇನ್ನೊಂದು ಪಕ್ಷದವರಿಗೆ ಹಾಡು ಕೇಳಿಸಿದರೆ ಸಾಕು, ಅದು ಎಂತಿದ್ದರೇನು? ಇವರ ಜಗಳ ತೀರಿಸಲು ಒಂದು ರಾತ್ರಿ ನಾವೊಂದು ಪರೀಕ್ಷೆ ನಡೆಸಿದೆವು. ಒಂದೇ ಹಾಡನ್ನು ೬೪, ೧೨೮, ೧೯೨, ೩೨೦ ಕಿಲೋಬಿಟ್ಟುಗಳಲ್ಲಿ ಮಾಡಿ, ಯಾವುದೆಂದು ಹೇಳದೆ ಒಬ್ಬೊಬ್ಬರಿಗೂ ಕೇಳಿಸಿದೆವು. ೬೪ನ್ನು ಎಲ್ಲರೂ ಹಿಡಿದರು. ಸದ್ದಿಲ್ಲದ ಕೋಣೆಯಲ್ಲಿ, ತಂಬೂರಿಯ ಶ್ರುತಿಯನ್ನೂ ತಾಳದ ಝಣತ್ಕಾರವನ್ನೂ ಗಮನಿಸಿ ಇಬ್ಬರು ೧೨೮ನ್ನು ಗುರುತಿಸಿದರು. ೧೯೨ಕ್ಕೂ ೩೨೦ಕ್ಕೂ ಭೇದ ಹೇಳಿದವನು ಒಬ್ಬನೂ ಇಲ್ಲ. ೩೨೦ರ ಪಕ್ಷದ ನಾಯಕನೇ ೧೯೨ನ್ನು ಕೇಳಿ "ಇದೇ ನೋಡಿ ನಿಜವಾದ ಸಂಗೀತ" ಎಂದು ತಲೆದೂಗಿದನು!

ಮರುದಿನ ಬಸ್ಸಿನಲ್ಲಿ ಇದೇ ಪರೀಕ್ಷೆ ನಡೆಸಿದಾಗ ಇಂಜಿನ್ನಿನ ಗದ್ದಲದಲ್ಲಿ ೧೨೮ ಕೂಡ ಎಲ್ಲರ ಕಣ್ಣು ತಪ್ಪಿಸಿ, ಅಲ್ಲಲ್ಲ, ಕಿವಿ ತಪ್ಪಿಸಿ ಪಾರಾಯಿತು. ಬ್ಲೂಟೂತಿನಲ್ಲಿ ಕೇಳುವವರಿಗಂತೂ ಇನ್ನೊಂದು ಮಾತು ಹೇಳಬೇಕು. ಫೋನಿನಿಂದ ಕಿವಿಗೆ ಬರುವ ದಾರಿಯಲ್ಲಿ ಹಾಡನ್ನು ಸಾಮಾನ್ಯವಾಗಿ ಮತ್ತೊಮ್ಮೆ ಹಿಂಡಿಯೇ ಕಳುಹಿಸುತ್ತಾರೆ. ಆದುದರಿಂದ ಜೇಬಿನ ಹಾಡಿಗೆ ೧೨೮ರಿಂದ ೧೯೨ರವರೆಗೆ ಧಾರಾಳವಾಗಿ ಸಾಕು. ೧೯೯೭ರ ಎ.ಎ.ಸಿ., ೨೦೧೨ರ ಓಪಸ್ ಎಂಬ ಹೊಸ ಕ್ರಮಗಳಲ್ಲಾದರೆ ಇನ್ನೂ ಕಡಮೆಯಲ್ಲಿಯೇ ಕೆಲಸ ಸಾಗುತ್ತದೆ. ದೊಡ್ಡ ಅಂಕಿಯ ವ್ಯಾಮೋಹದಿಂದ ಫೋನನ್ನು ತುಂಬಿಸಿಕೊಂಡು, ಪಾಠದ ಟಿಪ್ಪಣಿಗೆ ಜಾಗವಿಲ್ಲವೆಂದು ಪರಿತಪಿಸುವುದು ವಿವೇಕವಲ್ಲ.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಂತಾಯಿತೆ? ಇಲ್ಲ. ಇಲ್ಲಿಗೆ ನನ್ನ ಕಥೆ ಬರುತ್ತದೆ.

ನಮ್ಮ ಅಜ್ಜಿ ರಾಗಿ ಬೀಸುತ್ತ ಹಾಡುತ್ತಿದ್ದ ಪದಗಳನ್ನು ಚಿಕ್ಕಪ್ಪ ಹಿಂದೆ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ನಾನು ಪಿ.ಯು.ಸಿ.ಯಲ್ಲಿದ್ದಾಗ ಅದನ್ನು ಪೇಟೆಯ ಅಂಗಡಿಗೆ ಒಯ್ದು, "ಫೋನಿನಲ್ಲಿ ಜಾಗ ಕಡಮೆ, ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು" ಎಂದೆ. ಅಂಗಡಿಯಾತ ೩೨ ಕಿಲೋಬಿಟ್ಟಿನ ಎಂಪಿ-೩ ಮಾಡಿಕೊಟ್ಟ. ಹೇಳಿದ್ದು ನಾನು, ಅವನ ತಪ್ಪೇನೂ ಇಲ್ಲ. ಕ್ಯಾಸೆಟ್ಟಿನ ಕೆಲಸ ಮುಗಿಯಿತೆಂದು ಅದರ ಟೇಪನ್ನು ಎಳೆದು, ಹಕ್ಕಿ ಬೆದರಿಸಲು ರಾಗಿ ಹೊಲದ ಉದ್ದಕ್ಕೂ ಕಟ್ಟಿದೆವು. ಅದು ಗಾಳಿಗೆ ಮಿರಮಿರನೆ ಹೊಳೆಯುತ್ತಿದ್ದುದನ್ನು ನೋಡಿ ನಾನು ಹಿಗ್ಗಿದ್ದೂ ಉಂಟು.

ಕಳೆದ ವರ್ಷ ಅಜ್ಜಿ ತೀರಿಕೊಂಡರು. ಹದಿನೈದು ದಿನಗಳ ಮೇಲೆ ಮನೆಯವರೆಲ್ಲ ಕುಳಿತು ಆ ಹಾಡನ್ನು ಹಾಕಿದೆವು. ಮಾತು ತಿಳಿಯುತ್ತದೆ. ಆದರೆ ದನಿ ನೀರಿನೊಳಗಿಂದ ಬಂದಂತಿದೆ. ಕಲ್ಲಿನ ಗರಗರ ಸದ್ದು ಬರಿಯ ಮೊರೆತವಾಗಿದೆ. "ಅವ್ವನ ಬಳೆ ಸದ್ದೆಲ್ಲಿ? ಕ್ಯಾಸೆಟ್ಟಿನಲ್ಲಿ ಇತ್ತಲ್ಲ" ಎಂದರು ಚಿಕ್ಕಪ್ಪ. ನಾನು ಉತ್ತರ ಕೊಡಲಿಲ್ಲ. ಅಂದು ರಾತ್ರಿ ಅದನ್ನೇ ೩೨೦ಕ್ಕೆ ಏರಿಸಿ ನೋಡಿದೆ. ಕಡತ ಹತ್ತು ಪಟ್ಟು ದಪ್ಪವಾಯಿತು. ಬಳೆ ಮಾತ್ರ ಸದ್ದು ಮಾಡಲಿಲ್ಲ.

ಕಲಾ ವಿದ್ಯಾರ್ಥಿಗಳಿಗೆ ಇದು ತಿಳಿಯಲಾರದ ಸಂಗತಿಯಲ್ಲ. ಎಂಪಿ-೩ ಎಂದರೆ ಕಾದಂಬರಿಯ ಸಾರಾಂಶವಿದ್ದಂತೆ. ಸಾರಾಂಶವನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಮಾತ್ರಕ್ಕೆ ಕಾದಂಬರಿ ಹಿಂದಿರುಗೀತೆ? ಸಾರಾಂಶಕ್ಕೆ ಮತ್ತೊಂದು ಸಾರಾಂಶ ಬರೆದರೆ, ಅಂದರೆ ಎಂಪಿ-೩ನ್ನು ಮತ್ತೆ ಮತ್ತೆ ಹಿಂಡಿದರೆ, ಉಳಿದುದೂ ಸವೆಯುತ್ತದೆ. ೨೦೦೧ರಲ್ಲಿ ಬಂದ ಫ್ಲಾಕ್ ಎಂಬುದು ಹಾಗಲ್ಲ. ಅದು ಹಾಸಿಗೆಯನ್ನು ಸುತ್ತಿ ಕಟ್ಟಿದಂತೆ. ಗಾತ್ರ ಹೆಚ್ಚುಕಡಮೆ ಅರ್ಧಕ್ಕೆ ಇಳಿದರೂ ಬಿಚ್ಚಿದಾಗ ಒಂದು ಎಳೆಯೂ ಕಳೆದಿರುವುದಿಲ್ಲ.

ಆದಕಾರಣ ನನ್ನ ಅಭಿಪ್ರಾಯವಿಷ್ಟೆ. ಅಂಗಡಿಯಲ್ಲಿ ಮತ್ತೆ ದೊರೆಯುವ ಹಾಡು ಜೇಬಿನಲ್ಲಿ ಹೇಗಿದ್ದರೂ ಚಿಂತೆಯಿಲ್ಲ. ಮತ್ತೆ ದೊರೆಯದ ಹಾಡನ್ನು ಮಾತ್ರ ಮೊದಲು ಫ್ಲಾಕಿನಲ್ಲಿಯೋ ವೇವ್ ರೂಪದಲ್ಲಿಯೋ ಪೆಟ್ಟಿಗೆಯಲ್ಲಿಡಬೇಕು. ಜೇಬಿಗೆ ಬೇಕಾದ ಸಣ್ಣ ಪ್ರತಿಯನ್ನು ಅದರಿಂದ ಆಮೇಲೆ ತೆಗೆಯಬೇಕು. ನಮ್ಮಲ್ಲಿ ಎಷ್ಟೋ ಮಂದಿ ಜನಪದ ಗೀತೆ ಸಂಗ್ರಹಿಸಲು ಫೋನು ಹಿಡಿದು ಹಳ್ಳಿಗೆ ಹೋಗುವವರಿದ್ದಾರೆ. ಮುದ್ರಿಸುವ ಮೊದಲು ಫೋನಿನ ಆ ಒಂದು ಆಯ್ಕೆಯನ್ನು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು. ಅಧ್ಯಾಪಕ ಮಹನೀಯರು ಈ ಮಾತನ್ನು ಅವರಿಗೆ ಮೊದಲ ದಿನವೇ ಹೇಳಿ ಕಳುಹಿಸಿದರೆ ಉಪಕಾರವಾದೀತು.

ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಈ ರಜೆಯಲ್ಲಿಯೇ ಇಳಿಸಿ ನೋಡಿರಿ. ಪ್ರತಿ ತೆಗೆಸಿದ ಮೇಲೂ ಅವನ್ನು ಹೊಲಕ್ಕೆ ಕಟ್ಟಬೇಡಿರಿ.